ಹುಳ ಹಣ್ಣಾದ ದಿನ ಅತ್ತೆ ಕೋಲಾರಕ್ಕೆ ಹೋದದ್ದು

ನಮ್ಮ ಅತ್ತೆ ಆಂಜಿನಮ್ಮನವರಿಗೆ ವರ್ಷ, ತಿಂಗಳು ಅಷ್ಟಾಗಿ ನೆನಪಿರುತ್ತಿರಲಿಲ್ಲ. ಅವರು ಎಣಿಸುತ್ತಿದ್ದುದು ಬೆಳೆಗಳನ್ನು. ಬೆಳೆ ಎಂದರೆ ರಾಗಿ, ಅವರೆ ಅಲ್ಲ. ರೇಷ್ಮೆ ಹುಳದ ಬೆಳೆ. ಮರಿಹುಳ ಮನೆಗೆ ಬಂದು, ಸೊಪ್ಪು ತಿಂದು, ನಾಲ್ಕು ಸಲ ಜ್ವರಕ್ಕೆ ಮಲಗಿ ಪೊರೆ ಬಿಟ್ಟು ಎದ್ದು, ಗೂಡು ಕಟ್ಟಿ, ಆ ಗೂಡು ಮಾರುಕಟ್ಟೆಗೆ ಹೋದರೆ ಒಂದು ಬೆಳೆ ಮುಗಿದಂತೆ. "ಇವಳು ಈ ಮನೆಗೆ ಬಂದ್ಮೇಲೆ ಮೂರನೇ ಬೆಳೇಲಿ ಚೈತು ಹೊಟ್ಟೇಲಿ ನಿಂತಿದ್ದು" ಎಂದು ಅವರು ಊರ ಹೆಂಗಸರ ಮುಂದೆ ಹೇಳಿದಾಗ ನಾನು ನಾಚಿಕೆ ತಾಳಲಾರದೆ ಅಡುಗೆಮನೆಗೆ ಓಡಿದ್ದೆ.

ಈಗ ನಾವು ಕೋಲಾರದಲ್ಲಿದ್ದೇವೆ, ಚೈತುವಿನ ಶಾಲೆಗಾಗಿ. ಮಂಡಿ ನೋವು ಹಿಡಿದ ಮೇಲೆ ಅತ್ತೆಗೂ ಬೆಳೆ ಮಾಡಲಾಗಲಿಲ್ಲ. ಹುತ್ತೂರಿನ ನಮ್ಮ ಹುಳದ ಮನೆಯಲ್ಲಿ ಈಗ ಯಾರೋ ಟೊಮೇಟೊ ಕ್ರೇಟುಗಳನ್ನು ಪೇರಿಸಿಟ್ಟಿದ್ದಾರೆ. ಮೊನ್ನೆ ಹೋದಾಗ ಚಪ್ಪಲಿ ಹಾಕಿಕೊಂಡೇ ಒಳಗೆ ನಡೆದುಬಿಟ್ಟೆ. ಯಾರೂ ಬಯ್ಯಲಿಲ್ಲ. ಬಯ್ಯುವವರಿಲ್ಲ ಎನ್ನುವುದು ಗೊತ್ತಾಗಿ ಹೊರಗೆ ಬಂದು ಚಪ್ಪಲಿ ಬಿಟ್ಟೆ.

ನಾನು ಬೆಂಗಳೂರಿನಲ್ಲಿ ಓದಿ ಬೆಳೆದವಳು. ಎಲ್ಲದಕ್ಕೂ ಹೆದರುವ ಸ್ವಭಾವ. ಮಗುವಾದ ಮೇಲೆ ಅದು ಇನ್ನೂ ಹೆಚ್ಚಾಯಿತು. ನೀರು ಕುದಿಸಿದರೂ ಅನುಮಾನ, ಸೊಳ್ಳೆ ಕಚ್ಚಿದರೆ ನಿದ್ದೆಯಿಲ್ಲ. ಹುತ್ತೂರಿನಲ್ಲಿದ್ದಾಗ ಗಂಡ ಚಂದ್ರಮೋಹನ್ ಮಾಲೂರಿನ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಮುಂಜಾನೆ ಹೋದರೆ ಬರುವುದು ಸಂಜೆ. ಅಲ್ಲಿಯವರೆಗೆ ನಾನು, ಮಗು, ಅತ್ತೆ, ಹುಳ. ಹುಳ ಎಂದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ಪೌಡರ್ ಹಾಕಿಕೊಂಡು ಹುಳದ ಮನೆಯ ಬಾಗಿಲಿಗೆ ಹೋಗಿದ್ದಕ್ಕೆ ಅತ್ತೆ ಅಲ್ಲೇ ತಡೆದು, "ಅಮ್ಮಣ್ಣೀ, ಇಲ್ಲಿ ನಿನ್ನ ನೋಡೋಕೆ ಗಂಡಿನ ಕಡೆಯೋರು ಯಾರೂ ಬಂದಿಲ್ಲ, ಹೋಗಿ ಮುಖ ತೊಳ್ಕೊಂಬಾ" ಎಂದಿದ್ದರು.

ಆ ಮನೆಯ ಕಾನೂನು ಒಂದೆರಡಲ್ಲ. ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದದೆ ಹೊಸ್ತಿಲು ದಾಟುವಂತಿಲ್ಲ. ಒಗ್ಗರಣೆ ಹೊಗೆ ಅತ್ತ ಸುಳಿಯುವಂತಿಲ್ಲ. ಎಲ್ಲಕ್ಕಿಂತ ದೊಡ್ಡದು ಹೊಗೆಸೊಪ್ಪು. ಹೊಗೆಸೊಪ್ಪು ಮುಟ್ಟಿದ ಕೈ ಹಿಪ್ಪುನೇರಳೆ ಸೊಪ್ಪನ್ನು ಮುಟ್ಟಿದರೆ ಹುಳ ಹಸಿರು ಕಕ್ಕಿ ಸಾಯುತ್ತದೆ. ಹಾಗಾಗಿ ಅದನ್ನು ಮುಟ್ಟಿದವರು ಆ ಬೆಳೆ ಮುಗಿಯುವವರೆಗೂ ಹುಳದ ಮನೆಗೆ ಬರುವಂತಿರಲಿಲ್ಲ. ಪಕ್ಕದ ತೋಟದ ಮುನಿಕೃಷ್ಣಪ್ಪನವರು ಮಾವನಿಗೆ ಅಣ್ಣನ ವರಸೆ, ವಯಸ್ಸಿನಲ್ಲಿ ಹಿರಿಯರು, ಸದಾ ಬಾಯಲ್ಲಿ ಎಲೆಯಡಿಕೆ ಹೊಗೆಸೊಪ್ಪು. ಅವರೊಂದಿಗೂ ಅತ್ತೆ ಮಾತಾಡುತ್ತಿದ್ದುದು ಬೇಲಿಯಾಚೆಯಿಂದಲೇ. ನಮ್ಮ ಮದುವೆಯ ದಿನ ಗೊತ್ತಾಗಿದ್ದೂ ಹುಳದ ಲೆಕ್ಕದಲ್ಲೇ. ಪುರೋಹಿತರು ಕೊಟ್ಟ ಎರಡು ಮುಹೂರ್ತಗಳಲ್ಲಿ ಒಳ್ಳೆಯದನ್ನು ಬಿಟ್ಟು ಇನ್ನೊಂದನ್ನು ಅತ್ತೆ ಹಿಡಿದಿದ್ದರು. ಮೊದಲನೆಯದು ಹುಳ ಹಣ್ಣಾಗುವ ಹೊತ್ತಿಗೆ ಬೀಳುತ್ತಿತ್ತಂತೆ!

ಅವರ ತವರು ಆವನಿಯ ಹತ್ತಿರದ ಒಂದು ಹಳ್ಳಿ. ಮನೆಮಾತು ತೆಲುಗು. ಹುತ್ತೂರಿಗೆ ಸೊಸೆಯಾಗಿ ಬಂದಾಗ ಅವರ ಅತ್ತೆ ದೊಡ್ಡಗಂಗಮ್ಮ ಮೊದಲ ಬೆಳೆಯಿಡೀ ಇವರನ್ನು ಹುಳ ಮುಟ್ಟಲು ಬಿಡಲಿಲ್ಲವಂತೆ. ಸುಮ್ಮನೆ ತಟ್ಟೆಯ ಪಕ್ಕ ಕೂತು ಕೇಳು ಎಂದಿದ್ದರಂತೆ. ಹುಳಗಳು ಸೊಪ್ಪು ತಿನ್ನುವಾಗ ಹೊಸ ಸೀರೆಯ ಮಡಿಕೆ ಬಿಚ್ಚಿದಂಥ ಸದ್ದು ಬರುತ್ತದೆ. ಆ ಸದ್ದು ಸಣ್ಣಗಾದರೆ ಏನೋ ಆಗಿದೆ ಎಂದರ್ಥ. ಅತ್ತೆ ಆ ಸದ್ದಿನೊಂದಿಗೇ ಬಾಳಿದವರು. ಮಾವ ಮುನಿಯಲ್ಲಪ್ಪನವರೂ ಮನೆಯಲ್ಲಿ ಹೆಂಡತಿಯೊಂದಿಗೆ ತೆಲುಗೇ ಆಡುತ್ತಿದ್ದರು. ಮಗ ಮಾತ್ರ ಅಮ್ಮ ತೆಲುಗಿನಲ್ಲಿ ಕೇಳಿದರೆ ಕನ್ನಡದಲ್ಲಿ ಹೇಳುತ್ತಿದ್ದ. ಮಾವ ಹೋದ ಮೇಲೆ ಊರಲ್ಲಿ ತೆಲುಗು ಬರುವವರು ಬೇಕಾದಷ್ಟಿದ್ದರೂ ಮನೆಯೊಳಗೆ ಅತ್ತೆಯ ಮಾತಿಗೆ ಜೊತೆ ಇಲ್ಲದಾಯಿತು.

ಆಗ ಬಂದವಳು ಬುಲ್ಲಿ. ಕಂದು ಬಣ್ಣ, ಒಂದು ಕಿವಿ ಮಡಿಚಿಕೊಂಡಿತ್ತು. ಯಾರದೋ ಜಗಲಿಯಿಂದ ಬಂದ ನಾಯಿಮರಿ. ಅತ್ತೆ ಅವಳೊಂದಿಗೆ ಅಪ್ಪಿತಪ್ಪಿಯೂ ಕನ್ನಡ ಆಡುತ್ತಿರಲಿಲ್ಲ. "ಏಮೇ ಬುಲ್ಲೀ, ತಿನ್ನಾವಾ?" ಎಂದು, ತಿಂದೆಯಾ ಎಂಬಲ್ಲಿಂದ ಶುರುವಾದರೆ ತವರಿನ ಬಾವಿ, ಸತ್ತ ತಂಗಿ, ಸೊಸೆಯ ಉಪ್ಪಿಲ್ಲದ ಸಾರು, ಎಲ್ಲವೂ ಅವಳ ಕಿವಿಗೆ. ಸಾರಿನ ವಿಷಯ ನನಗೆ ಅರ್ಥವಾಗುತ್ತಿತ್ತು. ಬುಲ್ಲಿ ಹುಳದ ಮನೆಯ ಹೊಸ್ತಿಲಾಚೆ ಮಲಗಿ ಇಲಿ, ಅಳಿಲು ಕಾಯುತ್ತಿದ್ದಳು. ಒಂದು ದಿನವೂ ಒಳಗೆ ಕಾಲಿಟ್ಟವಳಲ್ಲ.

ಆ ದಿನ ಆಷಾಢದ ಗಾಳಿ. ಹುಳ ಹಣ್ಣಾಗಿದ್ದವು. ಹಣ್ಣಾಗುವುದೆಂದರೆ ಹುಳ ತಿನ್ನುವುದನ್ನು ಬಿಟ್ಟು, ಮೈ ಗಾಜಿನಂತೆ ತಿಳಿಯಾಗಿ, ತಲೆಯೆತ್ತಿ ಗೂಡಿಗೆ ಜಾಗ ಹುಡುಕುವುದು. ಆಗ ಒಂದೊಂದನ್ನೇ ಆಯ್ದು, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿ, ಚಂದ್ರಂಕಿಯ ಸುರುಳಿಯೊಳಗೆ ಬಿಡಬೇಕು. ತಡವಾದರೆ ಸಿಕ್ಕ ಸಿಕ್ಕಲ್ಲಿ ನೂಲು ಸುತ್ತಿ ಬೆಳೆ ಹಾಳು. ಒಬ್ಬರ ಕೈಲಾಗುವ ಕೆಲಸವಲ್ಲ. ಇವತ್ತು ಅವರು ನಮ್ಮಲ್ಲಿಗೆ, ನಾಳೆ ನಾವು ಅವರಲ್ಲಿಗೆ, ಹೀಗೆ ಮುಯ್ಯಿ. ರಾಮಲಕ್ಷ್ಮಮ್ಮ, ಅವರ ಸೊಸೆ ಸುನಂದ ಬಂದು ಕಾಲು ತೊಳೆದು ಒಳಗೆ ಕೂತಿದ್ದರು. ಅತ್ತೆ ಸೆರಗು ಬಿಗಿದು ಮೊದಲ ಚಂದ್ರಂಕಿಗೆ ಕೈಮುಗಿಯುತ್ತಿದ್ದರು. ನಾನು ಚೈತುವನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದೆ.

ತೋಟದಲ್ಲಿ ಬುಲ್ಲಿ ಬೊಗಳಿದಳು. ಮೊಲವೋ ಹಂದಿಯೋ, ಏನನ್ನೋ ಅಟ್ಟಿಸಿಕೊಂಡು ಹೋದಳು. ಹಿಂದಿನ ದಿನವಷ್ಟೇ ಕೊನೆಯ ಮೇವಿಗೆಂದು ಹಿಪ್ಪುನೇರಳೆಯ ಕಡ್ಡಿಗಳನ್ನೆಲ್ಲ ಕುಡುಗೋಲಿನಿಂದ ಓರೆಯಾಗಿ ಕೊಯ್ದಿದ್ದರು. ಕೊಯ್ದ ತೋಟವೆಂದರೆ ಸಾಲುಸಾಲು ಚೂಪು ಮೊಳೆ ನೆಟ್ಟ ಹಾಗೆ. ಬದು ಹಾರಿದ ಬುಲ್ಲಿ ಆ ಕೂಳೆಯ ಮೇಲೆ ಬಿದ್ದಳು. ಅವಳ ಕೂಗು ನನಗೆ ಇವತ್ತಿಗೂ ಕೇಳುತ್ತದೆ.

ತಾನೇ ಎದ್ದು ಕುಂಟುತ್ತ ಬಂದಳು. ಮುಂಗಾಲಿನ ಹಿಂದೆ, ಪಕ್ಕೆ ಹರಿದಿತ್ತು. ರಕ್ತ ನೋಡಿ ನಾನು ಮೊದಲು ಮಾಡಿದ ಕೆಲಸ ಚೈತುವಿನ ಕಣ್ಣು ಮುಚ್ಚಿದ್ದು, ಎರಡನೆಯದು ಕಿರುಚಿದ್ದು. ಬೇಲಿಯಾಚೆಯಿಂದ ಮುನಿಕೃಷ್ಣಪ್ಪನವರು ಓಡಿ ಬಂದರು.

"ಏನೂ ಆಗಲ್ಲ ಬಿಡ್ರಮ್ಮ, ರಕ್ತ ನಿಂತ್ರೆ ಸಾಕು" ಎನ್ನುತ್ತ ಎಲೆಯಡಿಕೆಯ ಚೀಲ ಬಿಚ್ಚಿ ಹೊಗೆಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ಗಾಯಕ್ಕೆ ತುರುಕಿಯೇ ಬಿಟ್ಟರು. ಆ ಕಡೆಯ ಹಳೆಯ ಮದ್ದು ಅದು. ಎತ್ತಿಗೆ, ಮನುಷ್ಯರಿಗೆ, ಎಲ್ಲರಿಗೂ ಅದೇ.

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದಿದ್ದರು. ಬುಲ್ಲಿ ಅವರನ್ನು ಕಂಡು ಬಾಲ ಅಲ್ಲಾಡಿಸಲು ನೋಡಿ, ಆಗದೆ, ಹೊಸ್ತಿಲಾಚೆಯ ತನ್ನ ಜಾಗದಲ್ಲೇ ಮಗ್ಗುಲಾದಳು. ಅತ್ತೆ ಒಂದು ಕಾಲನ್ನು ಹೊರಗಿಟ್ಟರು.

ಒಳಗಿನಿಂದ ಸುನಂದ ಕೂಗಿದಳು. "ದೊಡ್ಡಮ್ಮಾ, ಮುಟ್ಟಬೇಡಿ! ಹೊಗೆಸೊಪ್ಪು ಹಾಕವ್ರೆ. ಮುಟ್ಟಿದ್ರೆ ಒಳಗ್ ಬರಂಗಿಲ್ಲ ನೀವು."

"ಗೊತ್ತು ಕಣೇ."

"ಹುಳ ಎಲ್ಲಾ ತಲೆ ಎತ್ತವೆ. ನಾವಿಬ್ರೇ ಏನ್ ಮಾಡಾದು?" ಇದು ರಾಮಲಕ್ಷ್ಮಮ್ಮ.

ಅತ್ತೆ ಒಮ್ಮೆ ಹಿಂದೆ ತಿರುಗಿ ಹುಳದ ತಟ್ಟೆಗಳನ್ನು ನೋಡಿದರು. ಆಮೇಲೆ ಬಗ್ಗಿ, ಬುಲ್ಲಿಯ ಹೊಟ್ಟೆಯ ಕೆಳಗೆ ಎರಡೂ ಕೈ ಹಾಕಿ ಎತ್ತಿ ಎದೆಗೆ ಒತ್ತಿಕೊಂಡರು. ಹೊಗೆಸೊಪ್ಪಿನ ಪುಡಿ, ರಕ್ತ ಎರಡೂ ಸೀರೆಗೆ ಹತ್ತಿದವು. "ಶೋಭಾ, ನಿನ್ ಫೋನಿಂದ ಡಾಕ್ಟ್ರಿಗೆ ಮಾಡಮ್ಮ" ಎಂದರು, ಅನ್ನಕ್ಕೆ ಎಸರು ಇಡು ಅಂದಷ್ಟೇ ಸಹಜವಾಗಿ.

ಹತ್ತಿರದ ಪಶು ಡಾಕ್ಟರು ದನಗಳಿಗೆ ಲಸಿಕೆ ಹಾಕಲು ಹಳ್ಳಿಗಳ ಕಡೆ ಹೋಗಿದ್ದರು. "ಪಕ್ಕೆ ಹರಿದಿದ್ರೆ ಕಾಯ್ಬೇಡಿ, ಸೀದಾ ಕೋಲಾರಕ್ಕೆ ಹೋಗಿ" ಎಂದು ಅಲ್ಲಿನ ಒಂದು ನಾಯಿ ಕ್ಲಿನಿಕ್ಕಿನ ನಂಬರು ಕೊಟ್ಟರು. ಗೂಡು, ಸೊಪ್ಪು ಸಾಗಿಸುವ ನಜೀರ್ ಅಹಮದ್ ಅವರ ಗೂಡ್ಸ್ ಆಟೊ ಬಂತು. ಹಿಂದೆ ಗೋಣಿತಾಟಿನ ಮೇಲೆ ಅತ್ತೆ, ಅವರ ತೊಡೆಯ ಮೇಲೆ ಬುಲ್ಲಿ. ಮುಂದೆ ನಾನು, ನನ್ನ ಕುತ್ತಿಗೆ ಬಿಗಿದು ಹಿಡಿದ ಚೈತು.

"ಆಂಜಿನಕ್ಕಾ" ಎಂದು ನಜೀರಣ್ಣ ಹಿಂದಕ್ಕೆ ತಿರುಗಿ ಕೂಗಿದರು, "ಹಣ್ಣುಹುಳದ ದಿನ ನೀನು ಮನೆ ಬಿಟ್ಟಿದ್ದು ಅಂದ್ರೆ ಬಜಾರಲ್ಲಿ ಯಾರೂ ನಂಬಲ್ಲ ನೋಡು. ನಿನ್ ಗಂಡ ಬಿದ್ದು ಕಾಲ್ ಮುರ್ಕೊಂಡಾಗ್ಲೂ ನಾನೇ ಒಬ್ನೇ ಕರ್ಕೊಂಡ್ ಹೋಗಿದ್ದು."

"ಅವರಿಗೆ ಬಾಯಿತ್ತು ಕಣಪ್ಪ, ನೋವು ಅಂತ ಹೇಳ್ಕೊಳ್ಳೋಕೆ. ಮುಂದೆ ನೋಡ್ಕೊಂಡು ಓಡ್ಸು, ಹಳ್ಳ ಬಿಟ್ಟು."

"ಹಳ್ಳ ಬಿಟ್ರೆ ರೋಡೇ ಇಲ್ಲಕ್ಕ ಇಲ್ಲಿ."

ನಾನು ಫೋನಿನಲ್ಲಿ ಓದುತ್ತಲೇ ಇದ್ದೆ. ನೀರು ಕುಡಿಸಬಾರದು ಎಂದು ಒಂದು ಕಡೆ, ಬೆಚ್ಚಗಿಡಿ ಎಂದು ಇನ್ನೊಂದು ಕಡೆ. ಚೈತುವಿನ ಶಾಲನ್ನು ಕಿಟಕಿಯಿಂದ ಹಿಂದಕ್ಕೆ ಕೊಟ್ಟೆ. ಬುಲ್ಲಿಯ ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಕಾಲುಗಳು ಅದುರುತ್ತಿದ್ದವು. ನನಗೆ ರೇಬಿಸ್ ಎಂಬ ಪದ ಹೊಳೆದದ್ದೇ ತಡ, ಅದನ್ನೂ ಹುಡುಕತೊಡಗಿದೆ. ಹಿಂದಿನಿಂದ ಅತ್ತೆಯ ದನಿ ಗಾಳಿಯಲ್ಲಿ ತುಂಡುತುಂಡಾಗಿ ಬರುತ್ತಿತ್ತು. "ಏಡ್ವದ್ದೇ ತಲ್ಲೀ... ಒಚ್ಚೇಸ್ತುಂದಿ, ಊರು ಒಚ್ಚೇಸ್ತುಂದಿ." ಅಳಬೇಡ ತಾಯೀ, ಊರು ಬಂದೇಬಿಟ್ಟಿತು. ಚೈತು ನನ್ನ ಕಿವಿಯಲ್ಲಿ, "ಅಜ್ಜಿ ಯಾಕೆ ಹಾಡ್ತಿದ್ದಾರೆ?" ಎಂದು ಕೇಳಿದಳು.

ಕ್ಲಿನಿಕ್ಕಿನ ಡಾಕ್ಟರು ಕಹಕಶಾ ಎಂಬ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮುಳಬಾಗಿಲಿನವರು. ಬುಲ್ಲಿಯನ್ನು ಮೇಜಿನ ಮೇಲೆ ಮಲಗಿಸಿದ ಕೂಡಲೇ ವಾಸನೆಗೆ ಮುಖ ಸಿಂಡರಿಸಿದರು.

"ಹೊಗೆಸೊಪ್ಪು ಯಾರು ಹಾಕಿದ್ದು?"

"ನಮ್ ಭಾವನೋರು. ರಕ್ತ ನಿಲ್ಲಲಿ ಅಂತ... ನಾವು ಹುಳ ಸಾಕೋರು ತಾಯೀ, ಅದನ್ನ ಮುಟ್ಟಂಗಿಲ್ಲ" ಎಂದರು ಅತ್ತೆ.

"ಹುಳಕ್ಕೆ ಅದು ಆಗಲ್ಲ ಅಂತ ಗೊತ್ತಲ್ವಾ ನಿಮ್ಗೆ? ನಾಯಿಗೂ ಆಗಲ್ಲಮ್ಮ. ಜೊಲ್ಲು, ನಡುಕ ಎಲ್ಲಾ ಅದರದ್ದೇ. ರಕ್ತಕ್ಕೆ ಇಳಿದುಬಿಟ್ಟಿದೆ. ಮೊದಲು ಅದನ್ನ ತೊಳೀಬೇಕು, ಆಮೇಲೆ ಗಾಯ."

ಅತ್ತೆ ಬುಲ್ಲಿಯ ತಲೆಯ ಮೇಲೆ ಕೈಯಿಟ್ಟರು. ಇಷ್ಟು ಬೆಳೆಗಳಲ್ಲಿ ಹುಳಗಳನ್ನು ಯಾವುದರಿಂದ ಕಾಪಾಡಿಕೊಂಡು ಬಂದಿದ್ದರೋ ಅದೇ ಬುಲ್ಲಿಯ ಒಳಗೆ ಹೋಗಿತ್ತು. "ಉಳೀತಾಳಾ ತಾಯೀ?" ಎಂದು ಮಾತ್ರ ಕೇಳಿದರು.

"ಈಗ ಹೇಳಕ್ಕಾಗಲ್ಲ. ವಯಸ್ಸೆಷ್ಟು?"

"ಮೂವತ್ತು ಬೆಳೆ ಆಗಿರ್ಬೋದು."

ಡಾಕ್ಟರು ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. "ಆರು ವರ್ಷ" ಎಂದೆ.

ಗಾಯವನ್ನು ಮತ್ತೆ ಮತ್ತೆ ತೊಳೆದರು. ಸೂಜಿ ಚುಚ್ಚಿ, ಕಾಲಿಗೆ ಡ್ರಿಪ್ ಹಾಕಿದರು. ಮತ್ತು ಬರಿಸುವ ಔಷಧಿಯನ್ನು ಹೆಚ್ಚು ಕೊಡುವಂತಿಲ್ಲ, ಮೈಯಲ್ಲಿ ಈಗಾಗಲೇ ವಿಷ ಇದೆ, ತಲೆ ಅಲ್ಲಾಡದಂತೆ ಯಾರಾದರೂ ಹಿಡಿದುಕೊಳ್ಳಬೇಕು ಎಂದರು. ಅತ್ತೆ ಹಿಡಿದರು. ಪಕ್ಕೆಯೊಳಗಿನಿಂದ ಹಿಪ್ಪುನೇರಳೆಯ ಒಂದು ಚೂಪು ಚೂರು ಬಂತು, ನನ್ನ ಕಿರುಬೆರಳಿನಷ್ಟು. ಇನ್ನು ಸ್ವಲ್ಪ ಒಳಗೆ ಹೋಗಿದ್ದರೆ ಶ್ವಾಸಕೋಶಕ್ಕೆ ತಾಗುತ್ತಿತ್ತಂತೆ.

ಆ ಹೊತ್ತಿಗೇ ನನ್ನ ಫೋನು ಬಡಿದುಕೊಂಡಿತು. ಸುನಂದ. ಸ್ಪೀಕರಿಗೆ ಹಾಕು ಎಂದು ಅತ್ತೆ ಗದ್ದದಲ್ಲೇ ಸನ್ನೆ ಮಾಡಿದರು.

"ದೊಡ್ಡಮ್ಮಾ, ಹುಳ ಗೋಡೆ ಹತ್ತೋದ್ವು!"

"ಹತ್ತಿದ್ರೆ ಹತ್ಲಿ, ಎಳೀಬೇಡ, ಎಳೆದ್ರೆ ಹೊಟ್ಟೆ ಕಿತ್ತೋಗ್ತದೆ. ಒಣ ಸೊಪ್ಪು ಅಡ್ಡ ಹಿಡಿ, ತಾವೇ ಇಳೀತವೆ."

"ಚಂದ್ರಂಕಿ ಸಾಲ್ತಿಲ್ಲ."

"ಅಟ್ಟದ ಮೇಲೆ ಹಳೇವು ಅವೆ. ನಿಮ್ಮತ್ತೆ ಏನ್ ಮಾಡ್ತಾವ್ಳೆ?"

"ಸೊಂಟ ನೋವು ಅಂತ ಕೂತವ್ರೆ."

ಹಿಂದಿನಿಂದ ರಾಮಲಕ್ಷ್ಮಮ್ಮನ ದನಿ ಕೇಳಿತು. "ಚಾಡಿ ಹೇಳ್ತೀಯೇನೇ ನನ್ನೆದ್ರಿಗೇ? ಆಂಜಿನಮ್ಮ, ನಾಯಿ ಹೆಂಗದೆ?"

"ಹೊಲೀತಾವ್ರೆ. ನೀನು ಎದ್ದು ಹುಳ ಆಯಿ."

ಡಾಕ್ಟರು ಮಾಸ್ಕಿನೊಳಗೇ ನಗುತ್ತಿದ್ದರು. ಸೂಜಿ ಹಿಡಿದ ಕೈ ಮಾತ್ರ ಅಲ್ಲಾಡಲಿಲ್ಲ.

ಹೊಲಿಗೆ ಮುಗಿದ ಮೇಲೆ ಅವರು ಅತ್ತೆಯನ್ನು ಕೂರಿಸಿಕೊಂಡು ಹೇಳಿದರು. "ನೋಡಮ್ಮ, ಗಾಯದ ಭಯ ಈಗ ಇಲ್ಲ. ಹೊಗೆಸೊಪ್ಪಿನದೇ ಭಯ. ಮನೆಗೆ ಕರ್ಕೊಂಡ್ ಹೋಗಿ, ಬೆಚ್ಚಗೆ ಮಲಗಿಸಿ. ಸಂಜೆಯೊಳಗೆ ತಾನೇ ಎದ್ದು ನಿಂತು ನೀರು ಕುಡಿದ್ರೆ ಗೆದ್ಲು ಅಂತ. ಏಳ್ಲಿಲ್ಲ ಅಂದ್ರೆ ನಂಗೆ ಫೋನ್ ಮಾಡಿ, ಎಷ್ಟು ಹೊತ್ತಾದ್ರೂ ಸರಿ." ನೊಣ ಕೂರದಂತೆ ಗಾಯದ ಸುತ್ತ ಹೊಡೆಯಲು ಒಂದು ಘಾಟು ವಾಸನೆಯ ಔಷಧಿ ಕೊಟ್ಟರು. ಅದನ್ನು ಮೂಸಿದ ಅತ್ತೆ, "ಇದು ಹುಳದ ಮನೆ ಹತ್ರ ಬರಂಗಿಲ್ಲ" ಎಂದರು.

ಹುತ್ತೂರಿಗೆ ಬಂದಾಗ ಮಧ್ಯಾಹ್ನ ದಾಟಿತ್ತು. ನಜೀರಣ್ಣ ಮನೆಯ ಕಡೆ ಗಾಡಿ ತಿರುಗಿಸುತ್ತಿದ್ದಂತೆ ಅತ್ತೆ ತಡೆದರು. ತೋಟದ ಆ ತುದಿಯಲ್ಲಿ ಬೋರ್‌ವೆಲ್ಲಿನ ಮೋಟಾರ್ ರೂಮಿತ್ತು, ಆಳೆತ್ತರದ ಸಿಮೆಂಟಿನ ಗೂಡು. ಬುಲ್ಲಿಯನ್ನು ಅಲ್ಲಿ ಗೋಣಿತಾಟಿನ ಮೇಲೆ ಮಲಗಿಸಿದರು.

"ಅತ್ತೆ, ಸೋಪು ಹಾಕಿ ಸ್ನಾನ ಮಾಡಿದ್ರೆ ನೀವು ಒಳಗೆ ಹೋಗಬಹುದಲ್ವಾ? ಬುಲ್ಲೀನ ನಾನು ನೋಡ್ಕೊಳ್ತೀನಿ" ಎಂದೆ.

"ಅಷ್ಟು ವರ್ಷದಿಂದ ಭಾವನೋರನ್ನ ಬೇಲಿ ಆಚೆ ನಿಲ್ಸಿದ್ದೀನಿ. ಅವರು ಸೋಪು ಹಾಕಲ್ವೇನಮ್ಮ? ಅವರಿಗೆ ಒಂದು, ನಂಗೆ ಒಂದಾ?" ಎಂದವರು ನನ್ನ ಕೈ ಮೂಸಿ ನೋಡಿದರು. "ನೀನು ಹೊಗೆಸೊಪ್ಪು ಮುಟ್ಟಿಲ್ಲ. ನೀನು ಬುಲ್ಲೀನೂ ಎತ್ಕೊಂಡಿಲ್ಲ. ಹೋಗು, ತಲೆಗೆ ನೀರು ಹಾಕ್ಕೊಂಡು ಒಗೆದಿರೋ ಬಟ್ಟೆ ಉಟ್ಕೊಂಡು ಹೋಗು ಒಳಗೆ."

"ಅತ್ತೆ, ನಂಗೆ ಹುಳ..."

"ಕಚ್ಚಲ್ಲ ಕಣೇ. ನಿನ್ನಷ್ಟೇ ಪುಕ್ಕಲು ಅವು."

ನಾನು ಹೋದೆ. ಚೈತುವನ್ನು ಮಲಗಿಸಿ, ಮಿಂದು, ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಆ ಹೊಸ್ತಿಲನ್ನು ಮೊದಲ ಬಾರಿಗೆ ಕೆಲಸಕ್ಕೆಂದು ದಾಟಿದೆ. ಸುನಂದ ನನ್ನ ಅಂಗೈ ಬಿಡಿಸಿ ಒಂದು ಹುಳ ಇಟ್ಟಳು. ತಣ್ಣಗೆ, ಮೆತ್ತಗೆ, ಒಳಗೆ ಬೆಳಕಿಟ್ಟ ಹಾಗೆ. ಕೈ ಕೊಡವಿಕೊಳ್ಳಬೇಕೆನ್ನಿಸಿತು, ಕೊಡವಲಿಲ್ಲ. ಸುರುಳಿಯಲ್ಲಿ ಬಿಟ್ಟೆ. ಇನ್ನೊಂದು. ಮತ್ತೊಂದು. ಅವಸರದಲ್ಲಿ ನಾನು ಎರಡೆರಡನ್ನು ಒಂದೇ ಕಡೆ ಬಿಟ್ಟಿದ್ದರಿಂದ ಆ ಸಲ ಜೋಡಿ ಗೂಡುಗಳೇ ಹೆಚ್ಚಾಗಿ, "ಬೆಂಗಳೂರು ಸೊಸೆ ಹುಳಕ್ಕೂ ಮದುವೆ ಮಾಡ್ಸವ್ಳೆ" ಎಂದು ಮಾರುಕಟ್ಟೆಯಲ್ಲಿ ನಜೀರಣ್ಣ ಸಾರಿಕೊಂಡು ಬಂದಿದ್ದು ಆಮೇಲಿನ ಮಾತು.

ಹುಳದ ಮನೆಯ ಹಿಂದಿನ ಜಾಲರಿ ಕಿಟಕಿಯಿಂದ ಕೊಯ್ದ ತೋಟದಾಚೆ ಮೋಟಾರ್ ರೂಮು ಕಾಣುತ್ತಿತ್ತು. ಬಾಗಿಲಲ್ಲಿ ಅತ್ತೆ ಕಾಲು ನೀಡಿ ಕೂತಿದ್ದರು. ಸ್ವಲ್ಪ ದೂರದಲ್ಲಿ, ಬದುವಿನ ಮೇಲೆ, ಮುನಿಕೃಷ್ಣಪ್ಪನವರು ತಲೆ ತಗ್ಗಿಸಿ ಕುಳಿತಿದ್ದರು. ವಿಷಯ ಅವರಿಗೆ ತಿಳಿದಿತ್ತು. ಅತ್ತೆ ಅವರಿಗೇನೋ ಹೇಳಿದರು, ಕೇಳಿಸಲಿಲ್ಲ. ಅವರು ಎದ್ದು ಹೋಗಿ ಒಂದು ಪಾತ್ರೆಯಲ್ಲಿ ನೀರು ತಂದು, ಬಾಗಿಲ ಹೊರಗಿಟ್ಟು, ಮತ್ತೆ ಬದುವಿನ ಮೇಲೆ ಕೂತರು. ಇಷ್ಟು ವರ್ಷಗಳಲ್ಲಿ ಆ ಇಬ್ಬರು ಬೇಲಿಯ ಒಂದೇ ಬದಿಗೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಿಸಿಲು ಇಳಿಯಿತು. ನಾನು ಪ್ರತಿ ಚಂದ್ರಂಕಿ ತುಂಬಿದಾಗಲೂ ಕಿಟಕಿಗೆ ಹೋಗುತ್ತಿದ್ದೆ. "ಎದ್ದಳಾ?" ಎಂದು ಸುನಂದ ಕೇಳುತ್ತಿದ್ದಳು. "ಇಲ್ಲ." ರಾಮಲಕ್ಷ್ಮಮ್ಮ ಬಾಯಲ್ಲೇ ಯಾವುದೋ ಗಂಗಮ್ಮನಿಗೆ ಹರಕೆ ಕಟ್ಟುತ್ತಿದ್ದರು. ಕಂಪನಿ ಬಸ್ಸು ರಸ್ತೆಯಲ್ಲಿ ಹಾರ್ನ್ ಹೊಡೆದು ನಿಂತಿದ್ದು ಕೇಳಿಸಿತು, ಅಂದರೆ ಸಂಜೆಯಾಯಿತು. ಡಾಕ್ಟರ ನಂಬರನ್ನು ಮನಸ್ಸಿನಲ್ಲೇ ಹೇಳಿಕೊಳ್ಳತೊಡಗಿದೆ. ನನ್ನ ಕೈಯಲ್ಲಿದ್ದ ಹುಳ ಕಾಯಲಾರದೆ ನೂಲು ಬಿಡಲು ಶುರುಮಾಡಿತ್ತು, ಬೆರಳಿಂದ ಬೆರಳಿಗೆ, ಹಳದಿ ಎಳೆ.

ತೋಟದ ಆ ತುದಿಯಲ್ಲಿ ಅತ್ತೆ ಇದ್ದಕ್ಕಿದ್ದಂತೆ ಎದ್ದು ನಿಂತರು. ಅವರ ಸೀರೆಯ ನೆರಿಗೆಯ ಪಕ್ಕದಲ್ಲಿ ಕಂದು ಬಣ್ಣದ ಒಂದು ಮೂತಿ ಹೊರಗೆ ಬಂತು. ಕಾಲುಗಳು ಒಂದಕ್ಕೊಂದು ತೊಡರಿದವು. ಮುನಿಕೃಷ್ಣಪ್ಪನವರು ಹಿಡಿಯಲು ಎದ್ದರೆ ಅತ್ತೆ ಕೈ ಅಡ್ಡ ಚಾಚಿ ತಡೆದರು. ಬುಲ್ಲಿ ತಾನಾಗಿಯೇ ಪಾತ್ರೆಯವರೆಗೆ ನಡೆದು ತಲೆ ಬಗ್ಗಿಸಿದಳು. ತುಂಬಾ ಹೊತ್ತು ಬಗ್ಗಿಸಿಕೊಂಡೇ ಇದ್ದಳು. ಅಷ್ಟು ದೂರದಿಂದ ನೀರು ಕುಡಿಯುವ ಸದ್ದು ನನಗೆ ಕೇಳಿಸಿರಲು ಸಾಧ್ಯವಿಲ್ಲ. ಆದರೂ ಕೇಳಿಸಿತು ಎಂದೇ ನನ್ನ ನೆನಪು.

"ಕುಡಿದ್ಲು ಕಣೇ ಶೋಭಾ!" ಗಾಳಿಯನ್ನು ಸೀಳಿಕೊಂಡು ಅತ್ತೆಯ ಕೂಗು ಬಂತು. ಹಿಂದೆಯೇ ಇನ್ನೊಂದು ಕೂಗು: "ಎಷ್ಟು ಚಂದ್ರಂಕಿ ಆಯ್ತೇ?"